ಹಳೇ ಕಾರಿನ ಸವೆದ ಸ್ಟೀರಿಂಗ್ ವೀಲ್ ಮನೆಯಲ್ಲೇ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 2001ರ ಮಾರುತಿ 800. ಕೆಎ-14, ಅಂದರೆ ಶಿವಮೊಗ್ಗದ ನಂಬರು. ಎಂಜಿನ್ ಇವತ್ತಿಗೂ ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಗುತ್ತದೆ. ಆದರೆ ಸ್ಟೀರಿಂಗ್ ವೀಲ್ ಕೈಗೆ ಮಸಿ ಬಳಿಯಲು ಶುರು ಮಾಡಿತ್ತು. ಬಿಳಿ ಪಂಚೆ ಉಟ್ಟು ಮದುವೆ ಮನೆಗೆ ಹೊರಟರೆ, ಇಳಿಯುವ ಹೊತ್ತಿಗೆ ಪಂಚೆ ಮೇಲೆ ಐದು ಬೆರಳಿನ ಗುರುತು. ಕೊನೆಗೊಂದು ಭಾನುವಾರ ಅಂಗಳದಲ್ಲೇ ಕೂತು ವೀಲ್ ಬದಲಿಸಿದೆ. ಅಲ್ಲಿಂದ ಶುರುವಾಯಿತು ನೋಡಿ. ಭಾವ, ಷಡ್ಡಕ, ಪಕ್ಕದ ತೋಟದವರು, ಆಫೀಸಿನವರು, ಎಲ್ಲರೂ ಕೇಳುವವರೇ. ಇದುವರೆಗೆ ಆರೇಳು ಕಾರಿಗೆ ಕೈ ಹಾಕಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ. ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿದ್ದನ್ನು ಬರೆದಿದ್ದೇನೆ, ಅಷ್ಟೇ.

ಇದು ನಿಜವಾಗಲೂ ಮನೆಯಲ್ಲಿ ಮಾಡುವ ಕೆಲಸವಾ?

ಏರ್‌ಬ್ಯಾಗ್ ಇಲ್ಲದ ಹಳೇ ಕಾರಾದರೆ ಹೌದು. ವೀಲ್ ಅನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್. ಅದರ ಕೆಳಗೆ ಶಾಫ್ಟಿನ ಸುತ್ತ ಸಣ್ಣ ಸಣ್ಣ ಹಲ್ಲು. ಆ ಹಲ್ಲಿಗೆ ವೀಲ್ ಕಚ್ಚಿಕೊಂಡಿರುತ್ತದೆ. ಬಿಚ್ಚುವುದು, ಗುರುತು ಮಾಡುವುದು, ಹೊಸದನ್ನು ಅದೇ ಗುರುತಿಗೆ ಕೂರಿಸುವುದು, ಬಿಗಿ ಮಾಡುವುದು. ಕೆಲಸ ಇಷ್ಟೇ. ಆದರೆ ಬಿಗಿ ತಪ್ಪಿದರೆ ಘಾಟಿಯಲ್ಲಿ ಸ್ಟೀರಿಂಗ್ ಕೈಗೇ ಬರುತ್ತದೆ. ಹಾಗಾಗಿ ಸುಲಭ ಅಂತ ಸಸಾರ ಮಾಡಬೇಡಿ.

ನಮ್ಮ ಕಾರಲ್ಲಿ ಏರ್‌ಬ್ಯಾಗ್ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ?

ವೀಲಿನ ನಡುವೆ ಹಾರ್ನ್ ಒತ್ತುವ ಜಾಗದಲ್ಲಿ ‘ಏರ್‌ಬ್ಯಾಗ್’ ಅಂತಲೋ ‘ಎಸ್‌ಆರ್‌ಎಸ್’ ಅಂತಲೋ ಅಚ್ಚೊತ್ತಿದ್ದರೆ ಇದೆ ಅಂತ ಅರ್ಥ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಒಬ್ಬ ಮನುಷ್ಯ, ಅವನ ಮುಂದೊಂದು ಚೆಂಡು ಇರುವ ಕೆಂಪು ದೀಪ ಕೆಲವು ಸೆಕೆಂಡು ಹತ್ತಿ ಆರಿದರೂ ಇದೆ. ಸ್ಟೀರಿಂಗ್ ಕಾಲಂ (ವೀಲಿನಿಂದ ಕೆಳಕ್ಕೆ ಇಳಿಯುವ, ಶಾಫ್ಟ್ ಇರುವ ಕೊಳವೆ) ಕೆಳಗೆ ಇಣುಕಿದರೆ ಹಳದಿ ಬಣ್ಣದ ವಯರ್, ಹಳದಿ ಕನೆಕ್ಟರ್ ಕಾಣುತ್ತದೆ. ಮಾರುತಿ 800, ಓಮ್ನಿ, ಅಂಬಾಸಿಡರ್, ಪದ್ಮಿನಿ, ಹಳೇ ಮಹೀಂದ್ರಾ ಜೀಪು, ಇವಕ್ಕೆ ಈ ಚಿಂತೆ ಇಲ್ಲ. ಹೊಸ ಕಾರುಗಳಿಗೆಲ್ಲ ಡ್ರೈವರ್ ಬದಿಯ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಅದಕ್ಕೆ ಮೊದಲಿನ ಕೆಲವು ಕಾರುಗಳ ಮೇಲಿನ ಮಾಡೆಲ್‌ಗಳಲ್ಲೂ ಇತ್ತು. ಆದ್ದರಿಂದ ಇಸವಿ ನೋಡಿ ತೀರ್ಮಾನ ಮಾಡಬೇಡಿ, ವೀಲ್ ನೋಡಿ.

ಏರ್‌ಬ್ಯಾಗ್ ಇದ್ದರೆ? ಬ್ಯಾಟರಿ ವಯರ್ ಕಿತ್ತಿಟ್ಟು ಮಾಡಬಹುದು ಅಂತಾರಲ್ಲ?

ಮಾಡಬೇಡಿ. ಅದರೊಳಗೆ ಇರುವುದು ಒಂದು ಸಣ್ಣ ಪಟಾಕಿಯೇ. ಸಿಡಿದರೆ ಚೀಲ ಉಬ್ಬಲು ಸೆಕೆಂಡಿನ ಮೂವತ್ತನೇ ಒಂದು ಭಾಗವೂ ಬೇಡ. ಬ್ಯಾಟರಿ ತೆಗೆದ ಮೇಲೂ ಕಂಟ್ರೋಲ್ ಯೂನಿಟ್ ಒಳಗೆ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಮೇಲಾಗಿ ವೀಲ್ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಸುರುಳಿ ರಿಬ್ಬನ್ ಇರುತ್ತದೆ. ವೀಲ್ ತೆಗೆದಿದ್ದಾಗ ಅದು ಒಂದು ಸುತ್ತು ಆಚೀಚೆ ಆದರೂ ಸಾಕು, ಮುಂದೊಂದು ದಿನ ಪೂರ್ತಿ ತಿರುವಿನಲ್ಲಿ ಹರಿದುಹೋಗುತ್ತದೆ. ಕಂಪನಿ ವರ್ಕ್‌ಶಾಪಿಗೆ ಕೊಡಿ. ಗುಜರಿಯಿಂದ ಏರ್‌ಬ್ಯಾಗ್ ಸಮೇತ ವೀಲ್ ತಂದು ಹಾಕುವುದಂತೂ ಬೇಡವೇ ಬೇಡ. ಇನ್ನು ಮುಂದೆ ಬರೆದಿದ್ದೆಲ್ಲ ಏರ್‌ಬ್ಯಾಗ್ ಇಲ್ಲದ ಕಾರಿಗೆ ಮಾತ್ರ.

ಸ್ಟೀರಿಂಗ್ ಯಾಕೆ ಹೀಗೆ ಅಂಟಂಟು ಆಗುತ್ತೆ? ಬೆಂಗಳೂರಿನ ತಮ್ಮನ ಕಾರು ಇದೇ ವಯಸ್ಸಿನದು, ಅದು ಚೆನ್ನಾಗಿದೆ.

ಬೆಂಗಳೂರಿನಲ್ಲಿ ನಮ್ಮ ಮಳೆ ಎಲ್ಲಿದೆ? ಮೆತ್ತನೆಯ ವೀಲ್‌ಗಳ ಮೇಲ್ಪದರ ಪಾಲಿಯುರೆಥೇನ್ ಜಾತಿಯದು. ವರ್ಷಗಟ್ಟಲೆ ತೇವ ಕುಡಿದರೆ ಅದು ಒಳಗಿಂದಲೇ ಕಳಚಿಕೊಂಡು ಬೆಲ್ಲದ ಪಾಕದ ಹಾಗೆ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರಿನ ಗಾಜು ಏರಿಸಿ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿರುತ್ತೇವೆ. ಸೀಟಿನ ಮೇಲೆ ಬೂಷ್ಟು, ಬೆಲ್ಟಿನ ಮೇಲೆ ಬೂಷ್ಟು. ವೀಲ್ ಒಂದೇ ಹೇಗೆ ಉಳಿಯಬೇಕು?

ಇದರ ಜೊತೆಗೆ ನಮ್ಮ ಕೈ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಮೆತ್ತಿದ ಕೈಯಲ್ಲೇ ಕಾರು ಹತ್ತುತ್ತೇವೆ. ಚೊಗರಿನ ಕಪ್ಪು ಬಟ್ಟೆಯಿಂದಲೇ ಹೋಗುವುದಿಲ್ಲ, ಸವೆದು ಒರಟಾದ ಪ್ಲಾಸ್ಟಿಕ್ಕಿನ ಸಂದಿಯಿಂದ ಹೋಗುತ್ತಾ? ಕೊಳೆರೋಗಕ್ಕೆ ಬೋರ್ಡೋ ಹೊಡೆದು ಬಂದ ದಿನ ಮೈಲುತುತ್ತ, ಸುಣ್ಣ ಎರಡೂ ಕೈಯಲ್ಲಿರುತ್ತವೆ.

ಇನ್ನೊಂದು ಬಹಳ ಜನರಿಗೆ ಗೊತ್ತಿಲ್ಲ. ಮಂಗನ ಕಾಯಿಲೆ ಭಯಕ್ಕೆ ಉಣುಗು ಹತ್ತದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಕಾಡಿಗೆ, ತೋಟಕ್ಕೆ ಹೋಗುವ ಅಭ್ಯಾಸ ನಮ್ಮ ಕಡೆ ಇದೆಯಲ್ಲ. ಡಿಎಂಪಿ ಅಂದರೆ ಡೈಮೀಥೈಲ್ ಥ್ಯಾಲೇಟ್. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲಿಕ್ಕೆ ಕಾರ್ಖಾನೆಯವರು ಬಳಸುವ ಸಾಮಾನೇ ಅದು. ಆ ಕೈಯಲ್ಲಿ ವೀಲ್ ಹಿಡಿದರೆ ಮೇಲ್ಪದರ ಮೆತ್ತಗಾಗದೆ ಇನ್ನೇನು ಆಗುತ್ತದೆ? ಸೊಳ್ಳೆಗೆ ಹಚ್ಚುವ ಡೀಟ್ ಇರುವ ಕ್ರೀಮೂ ಹೀಗೇ. ಹಾಗಂತ ಎಣ್ಣೆ ಹಚ್ಚುವುದನ್ನು ಬಿಡಬೇಡಿ ಮಾರಾಯ್ರೆ, ವೀಲ್ ಹೋದರೆ ಇನ್ನೊಂದು ಸಿಗುತ್ತದೆ. ಕಾರು ಹತ್ತುವ ಮೊದಲು ಅಂಗೈ ಒರೆಸಿಕೊಳ್ಳಿ, ಸಾಕು.

ತೊಳೆದರೆ ಸರಿ ಹೋಗಲ್ವಾ? ಸುಮ್ನೆ ಯಾಕೆ ಖರ್ಚು?

ಮೊದಲು ತೊಳೆದೇ ನೋಡಿ. ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಷ್, ಹಿಂಡಿದ ಬಟ್ಟೆ. ನೀರು ಹಾರ್ನ್ ಕಡೆಗೆ ಇಳಿಯಬಾರದು. ಒಣಗಿದ ಮೇಲೆ ಬಿಳಿ ಕರವಸ್ತ್ರ ಸುತ್ತಿ ಗಟ್ಟಿಯಾಗಿ ತಿರುವಿ. ಕರವಸ್ತ್ರಕ್ಕೆ ಏನೂ ಹತ್ತದಿದ್ದರೆ ಅದು ಬರೀ ಕೊಳೆ, ನಿಮ್ಮ ಖರ್ಚು ಉಳಿಯಿತು. ಕಪ್ಪು ಹತ್ತಿದರೆ ಎರಡು ದಿನ ಬಿಟ್ಟು ಇನ್ನೊಮ್ಮೆ ತೊಳೆಯಿರಿ. ಆಗಲೂ ಹತ್ತಿದರೆ ಕರಗುತ್ತಿರುವುದು ವೀಲೇ. ಪೆಟ್ರೋಲ್, ಥಿನ್ನರ್ ಹಾಕಿ ಒರೆಸುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಒಂದು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಇನ್ನೂ ಅಂಟು.

ಕವರ್ ಹಾಕಿದ್ರೆ ಆಗಲ್ವಾ?

ಹೊಲಿಯುವ ಕವರ್ ಆದರೆ ಒಪ್ಪುತ್ತೇನೆ, ಅದೂ ಕೆಳಗಿನ ವೀಲ್ ಗಟ್ಟಿ ಇದ್ದರೆ. ಎಳೆದು ಹಾಕುವ ರೆಡಿಮೇಡ್ ಕವರ್ ನನಗೆ ಆಗುವುದಿಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಪ್ರತಿಯೊಂದಕ್ಕೂ ಕೈ ಮೇಲೆ ಕೈ ಹಾಕಿ ಸುತ್ತಬೇಕು. ಕವರ್ ಸಡಿಲ ಇದ್ದರೆ ನೀವು ತಿರುಗಿಸಿದ್ದು ಕವರ್, ವೀಲ್ ಅಲ್ಲೇ ಇರುತ್ತದೆ. ಅಂಟಂಟು ವೀಲ್ ಮೇಲಂತೂ ಯಾವ ಕವರೂ ನಿಲ್ಲುವುದಿಲ್ಲ, ಕೆಳಗೆ ತೇವ ಕೂತು ವಾಸನೆ ಬರುತ್ತದೆ.

ಸ್ಟೀರಿಂಗ್ ಅಲ್ಲಾಡುತ್ತೆ, ಆಟ ಜಾಸ್ತಿ ಇದೆ. ಹೊಸ ವೀಲ್ ಹಾಕಿದ್ರೆ ಸರಿ ಹೋಗುತ್ತಾ?

ಇಲ್ಲ. ಇದನ್ನು ಬಹಳ ಜನ ಒಂದಕ್ಕೊಂದು ಗಂಟು ಹಾಕುತ್ತಾರೆ. ವೀಲ್ ಬರೀ ಹಿಡಿಕೆ. ಆಟ, ಅಂದರೆ ವೀಲ್ ತಿರುಗಿಸಿದರೂ ಟೈರ್ ಅಲುಗದ ಸಡಿಲ, ಇರುವುದು ಅದರ ಕೆಳಗೆ: ಕಾಲಂ ಬುಷ್, ಶಾಫ್ಟಿನ ಜಾಯಿಂಟ್, ರ‍್ಯಾಕ್, ಟೈ ರಾಡ್ ತುದಿಗಳು, ಅಂದರೆ ವೀಲಿನಿಂದ ಮುಂದಿನ ಚಕ್ರದ ತನಕ ಇರುವ ಜೋಡಣೆಗಳು.

ಹೀಗೆ ಪರೀಕ್ಷೆ ಮಾಡಿ. ಚಕ್ರ ನೇರ ಇಟ್ಟು ಎಂಜಿನ್ ಆಫ್ ಮಾಡಿ, ಕೀ ಒಳಗೇ ಇರಲಿ. ವೀಲಿನ ಅಂಚಿಗೆ ಒಂದು ಟೇಪ್ ತುಂಡು ಅಂಟಿಸಿ, ಮುಂದಿನ ಟೈರ್ ಅಲುಗುವ ತನಕ ಎಡಕ್ಕೆ, ಆಮೇಲೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಆ ಟೇಪ್ ಎಷ್ಟು ದೂರ ಓಡಾಡಿತು ಅಂತ ಸ್ಕೇಲಿನಲ್ಲಿ ಅಳೆಯಿರಿ. ಸುಜುಕಿಯ ಸಣ್ಣ ಕಾರುಗಳಿಗೆ 30 ಮಿಲಿಮೀಟರ್ ಒಳಗಿದ್ದರೆ ಸರಿ. ಕೇಂದ್ರ ಮೋಟಾರು ವಾಹನ ನಿಯಮದ 98ನೇ ನಿಯಮ 30 ಡಿಗ್ರಿ ತನಕ ಆಟ ಇರಬಹುದು ಅನ್ನುತ್ತದೆ. 38 ಸೆಂಟಿಮೀಟರ್ ವೀಲಿನಲ್ಲಿ 30 ಡಿಗ್ರಿ ಅಂದರೆ ಹತ್ತಿರ ಹತ್ತಿರ 10 ಸೆಂಟಿಮೀಟರ್! ಅಷ್ಟು ಆಟ ಇಟ್ಟುಕೊಂಡು ನಾನಂತೂ ಘಾಟಿ ಇಳಿಯುವುದಿಲ್ಲ. ವೀಲ್ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಟಕ್ ಟಕ್ ಅಂದರೆ ಕಾಲಂ ಬುಷ್ ಹೋಗಿದೆ. ಮೊದಲು ಅದಕ್ಕೆ ದುಡ್ಡು ಹಾಕಿ, ಚೆಂದದ ವೀಲ್ ಆಮೇಲೆ.

ಶಿವಮೊಗ್ಗದಲ್ಲಿ ವೀಲ್ ಎಲ್ಲಿ ಸಿಗುತ್ತೆ?

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿ. ಸ್ಪೇರ್ ಅಂಗಡಿಯಲ್ಲಿ ಇಲ್ಲದಿದ್ದರೂ ಯಾರ ಹತ್ತಿರ ಸಿಗಬಹುದು ಅಂತ ಹೇಳುತ್ತಾರೆ. ಗುಜರಿಯಲ್ಲಿ ಹಳೇ ಒರಿಜಿನಲ್ ಸಿಕ್ಕರೆ ನನ್ನ ಓಟು ಅದಕ್ಕೇ. ಅಲ್ಲೂ ಇಲ್ಲ ಅಂದರೆ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಜೆಸಿ ರಸ್ತೆಯಿಂದ ತರಿಸಬಹುದು. ಹೋಗುವಾಗ ಹಳೇ ವೀಲಿನ ಮುಂದಿನದು, ಹಿಂದಿನದು ಎರಡೂ ಫೋಟೋ ಇರಲಿ. ಹಿಂದಿನ ಫೋಟೋ ಬೇಕು ಅಂದರೆ ಒಮ್ಮೆ ಬಿಚ್ಚಬೇಕು, ಹೌದು. ಬಿಚ್ಚಿ, ಫೋಟೋ ತೆಗೆದು, ಮತ್ತೆ ಹಾಕಿ. ಅದೇ ನಿಮ್ಮ ಪ್ರಾಕ್ಟೀಸು.

ಗುಜರಿ ವೀಲ್ ಕೊಳ್ಳುವಾಗ ಮೂರು ಕಡೆ ನೋಡಿ. ನಡುವಿನ ಹಲ್ಲು ಸವೆದು ಮೊಂಡಾಗಿದೆಯಾ? ಹಲಗೆ ಮೇಲೆ ಬೋರಲು ಹಾಕಿದಾಗ ಸುತ್ತಲೂ ಸಮ ಕೂರುತ್ತದಾ? ಒಂದು ಕಡೆ ಎದ್ದಿದ್ದರೆ ಆ ಕಾರು ಎಲ್ಲೋ ಗುದ್ದಿದೆ, ಡ್ರೈವರ್ ಎದೆ ವೀಲಿಗೆ ಬಡಿದಿದೆ ಅಂತ ಲೆಕ್ಕ. ಅಂಥದ್ದು ಬೇಡ. ಕಡ್ಡಿಗಳ ಬುಡದಲ್ಲಿ ತುಕ್ಕು, ಬಿರುಕು ಇದೆಯಾ ಅದನ್ನೂ ನೋಡಿ. ನಾನು ಮೊದಲು ತಂದದ್ದು ಇದ್ಯಾವುದನ್ನೂ ನೋಡದೆ. ಅಂಗಡಿಯವರು ‘ಎಲ್ಲ 800ಕ್ಕೂ ಇದೇ ಸಾರ್’ ಅಂದರು, ನಂಬಿದೆ. ಮನೆಗೆ ಬಂದು ನೋಡಿದರೆ ಹಾರ್ನಿನ ಕಾಂಟ್ಯಾಕ್ಟ್ ಇರಬೇಕಾದ ಜಾಗ ಖಾಲಿ.

ಬೇರೆ ಕಾರಿನ ವೀಲ್ ಕೂರುತ್ತಾ? ಚಿಕ್ಕ ಸ್ಪೋರ್ಟ್ಸ್ ವೀಲ್ ಹಾಕಬಹುದಾ?

ಒಂದೇ ಕಂಪನಿಯ ಹಳೇ ಕಾರುಗಳಲ್ಲಿ ಹಲ್ಲು ಹೊಂದುವುದುಂಟು. ಆದರೆ ಹಲ್ಲು ಕೂತ ಮಾತ್ರಕ್ಕೆ ವೀಲ್ ಹೊಂದಿತು ಅಂತ ಅಲ್ಲ. ಹಾರ್ನ್ ಕಾಂಟ್ಯಾಕ್ಟ್, ಇಂಡಿಕೇಟರ್ ವಾಪಸ್ ತಳ್ಳುವ ಮೂಗು, ಕಾಲಂ ಕವರಿಗೂ ವೀಲಿಗೂ ಇರುವ ಅಂತರ, ಮೂರೂ ಹೊಂದಬೇಕು.

ಚಿಕ್ಕ ವೀಲ್ ಬಗ್ಗೆ ನನ್ನ ಷಡ್ಡಕನ ಮಗನ ಹತ್ತಿರ ಒಂದು ಸಂಜೆ ಪೂರ್ತಿ ವಾದ ಮಾಡಿದ್ದೇನೆ. ಪವರ್ ಸ್ಟೀರಿಂಗ್ ಇಲ್ಲದ ಕಾರಿಗೆ ದೊಡ್ಡ ವೀಲ್ ಕೊಟ್ಟಿರುವುದು ಸುಮ್ನೆ ಅಲ್ಲ. 38 ಸೆಂಟಿಮೀಟರ್ ವೀಲ್ ತೆಗೆದು 33ರದ್ದು ಹಾಕಿದರೆ ಅದೇ ತಿರುವಿಗೆ ಕೈ 15 ಪರ್ಸೆಂಟ್ ಜಾಸ್ತಿ ಬಲ ಹಾಕಬೇಕು. ನೆಹರೂ ರಸ್ತೆಯಲ್ಲಿ ಎರಡು ಕಾರಿನ ನಡುವೆ ಪಾರ್ಕ್ ಮಾಡಿ ನೋಡಿ, ರಟ್ಟೆ ಹೇಳುತ್ತದೆ. ಹಾಕಲೇಬೇಕು ಅಂದರೆ ನಿಮ್ಮ ಮಾಡೆಲ್‌ಗೇ ಮಾಡಿದ ಬಾಸ್ ಕಿಟ್ (ಬೇರೆ ವೀಲನ್ನು ನಿಮ್ಮ ಶಾಫ್ಟಿಗೆ ಕೂರಿಸುವ ನಡುತುಂಡು) ತಗೊಳ್ಳಿ. ಯಾರೋ ವೆಲ್ಡ್ ಮಾಡಿಕೊಟ್ಟ ಅಡಾಪ್ಟರ್ ಬೇಡ. ಹುಡುಗ ಹಾಕಿಸಿದ. ಎರಡು ತಿಂಗಳಿಗೆ ತೆಗೆಸಿದ. ನಾನೇನೂ ಹೇಳಲಿಲ್ಲ.

ಅಂಚಿಗೆ ಸಿಕ್ಕಿಸುವ ತಿರುಗುವ ಗುಂಡಿಯೂ ಬೇಡ. ಅಂಗಿಯ ತೋಳು ಸಿಕ್ಕಿಕೊಳ್ಳುತ್ತದೆ.

ಏನೇನು ಸಾಮಾನು ಬೇಕು?

ಬ್ಯಾಟರಿಗೆ 10ರ ಪಾನಾ. ನಡುವಿನ ನಟ್ಟಿಗೆ ಬಾಕ್ಸ್ ಪಾನಾ, ಜೊತೆಗೆ ಉದ್ದ ಎಕ್ಸ್‌ಟೆನ್ಷನ್. ನನ್ನ 800ಕ್ಕೆ 17 ಹಿಡಿಯಿತು, ಅಂಬಾಸಿಡರ್‌ದು ಇದಕ್ಕಿಂತ ದೊಡ್ಡದು. ಸ್ಕ್ರೂಡ್ರೈವರ್, ವಯರ್ ಬ್ರಷ್, ಡಬ್ಲ್ಯುಡಿ-40 ಥರದ ತುಕ್ಕು ಬಿಡಿಸುವ ಎಣ್ಣೆ, ಗುರುತಿಗೆ ಮನೆಯವರ ನೇಲ್ ಪಾಲಿಶ್ (ಕೇಳಿ ತಗೊಳ್ಳಿ). ಎಷ್ಟು ಬಿಗಿ ಆಯಿತು ಅಂತ ತೋರಿಸುವ ಟಾರ್ಕ್ ಪಾನಾ ಇದ್ದರೆ ಒಳ್ಳೆಯದು. ಪುಲ್ಲರ್ (ಕಚ್ಚಿಕೊಂಡ ವೀಲನ್ನು ಎಳೆದು ತೆಗೆಯುವ ಸಾಧನ) ಕೊಳ್ಳಬೇಡಿ, ಪರಿಚಯದ ಗ್ಯಾರೇಜಿನಲ್ಲಿ ಒಂದು ದಿನಕ್ಕೆ ಕೇಳಿದರೆ ಕೊಡುತ್ತಾರೆ.

ಸರಿ, ಬಿಚ್ಚೋದು ಹೇಗೆ?

ಮಳೆ ಇಲ್ಲದ ದಿನ, ಸಮತಟ್ಟು ಜಾಗ. ಕಾರನ್ನು ಹತ್ತಡಿ ನೇರ ಮುಂದಕ್ಕೆ ಓಡಿಸಿ ನಿಲ್ಲಿಸಿ, ಚಕ್ರ ನೇರ ಆಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯಿರಿ. ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಿರಿ. ಇದನ್ನು ಬಿಟ್ಟರೆ ಹಾರ್ನ್ ಬಡಿದುಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ನಮ್ಮ ಕೇರಿಯ ನಾಯಿಗಳನ್ನೆಲ್ಲ ಎಬ್ಬಿಸಿದ ಅನುಭವ ಇದೆ.

ಕೀ ಹಾಕಿ ಸ್ಟೀರಿಂಗ್ ಲಾಕ್ ಬಿಡಿಸಿ. ನಡುವಿನ ಹಾರ್ನ್ ಪ್ಯಾಡ್ ಕೆಲವು ಕಾರಿನಲ್ಲಿ ಎಳೆದರೆ ಬರುತ್ತದೆ, ಕೆಲವಕ್ಕೆ ಕಡ್ಡಿಗಳ ಹಿಂದಿನಿಂದ ಸ್ಕ್ರೂ ಇರುತ್ತದೆ. ಬರದಿದ್ದರೆ ಸ್ಕ್ರೂ ಹುಡುಕಿ, ಮೀಟಬೇಡಿ. ಹಳೇ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ. ಒಳಗಿನ ಹಾರ್ನ್ ವಯರ್, ಸ್ಪ್ರಿಂಗ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ.

ಈಗ ನಟ್. ಅದನ್ನು ಬಿಚ್ಚುವಾಗ ಸ್ಟೀರಿಂಗ್ ಲಾಕ್ ಹಾಕಿ ಅದರ ಮೇಲೆ ಬಲ ಬಿಡಬೇಡಿ. ಲಾಕಿನ ಪಿನ್ ಕಳ್ಳನಿಗೆ ಅಂತ ಇರುವುದು, ಪಾನಾಗೆ ಅಲ್ಲ. ಪಕ್ಕದಲ್ಲಿ ಒಬ್ಬರು ವೀಲ್ ಗಟ್ಟಿ ಹಿಡಿದುಕೊಳ್ಳಲಿ, ನೀವು ಪಾನಾ ಎಳೆಯಿರಿ. ನಟ್ ಸಡಿಲ ಆಯಿತಾ? ಪೂರ್ತಿ ತೆಗೆಯಬೇಡಿ! ಶಾಫ್ಟಿನ ತುದಿಯಲ್ಲಿ ಮೂರ‍್ನಾಲ್ಕು ಸುತ್ತು ಉಳಿದಿರಲಿ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿ ಇದೆ.

ಆಮೇಲೆ ನೇಲ್ ಪಾಲಿಶ್. ಶಾಫ್ಟಿನ ತುದಿಯಿಂದ ವೀಲಿನ ನಡುಭಾಗದ ತನಕ ಒಂದೇ ಗೆರೆ. ಒಣಗಲು ಐದು ನಿಮಿಷ ಬಿಡಿ. ಕಾಫಿ ಕುಡಿಯಲು ಇದೇ ಸರಿಯಾದ ಹೊತ್ತು.

ನಟ್ ಬಿಚ್ಚಿದೆ, ವೀಲ್ ಮಾತ್ರ ಬರ್ತಾನೇ ಇಲ್ಲ. ಸುತ್ತಿಗೆಯಲ್ಲಿ ಹೊಡೀಲಾ?

ಹೊಡೆಯಬೇಡಿ. ಏಟು ಶಾಫ್ಟಿನ ಉದ್ದಕ್ಕೂ ಇಳಿಯುತ್ತದೆ. ಕೆಳಗೆ ಬುಷ್ ಇದೆ, ಜಾಯಿಂಟ್ ಇದೆ. ಅಪಘಾತ ಆದಾಗ ಕಾಲಂ ಎದೆಗೆ ಚುಚ್ಚದೆ ಒಳಗೆ ಕುಗ್ಗಲಿ ಅಂತ ಕೆಲವು ಕಾರುಗಳ ಶಾಫ್ಟಿನಲ್ಲಿ ಮೆತ್ತನೆಯ ಪಿನ್ ಇಟ್ಟಿರುತ್ತಾರೆ. ಸುತ್ತಿಗೆ ಏಟಿಗೆ ಅದೂ ಮುರಿಯಬಹುದು. ಹೊರಗೆ ಏನೂ ಕಾಣುವುದಿಲ್ಲ.

ನಮ್ಮ ಕಡೆ ಹಲ್ಲಿನ ಸಂದಿಗೆ ತುಕ್ಕು ಹಿಡಿದೇ ಹಿಡಿದಿರುತ್ತದೆ. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾಯಿರಿ. ಸೀಟಿನಲ್ಲಿ ಕೂತು ಎರಡೂ ಕೈಯನ್ನು ವೀಲಿನ ಹಿಂದಿನಿಂದ ಹಾಕಿ, ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಒಮ್ಮೆ ಎಡಗೈ ಎಳೆಯಲಿ, ಒಮ್ಮೆ ಬಲಗೈ. ಹಲ್ಲು ಕೀಳುವಾಗ ಅಲುಗಿಸುತ್ತೀವಲ್ಲ, ಹಾಗೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಂದು ಸಣ್ಣ ‘ಕಿರ್’ ಕೇಳುತ್ತದೆ. ಅದು ತುಕ್ಕು ಬಿಡುವ ಸದ್ದು. ಇನ್ನೆರಡು ಎಳೆತಕ್ಕೆ ಟಪ್ ಅಂತ ಬರುತ್ತದೆ.

ಟಪ್ ಅಂತ ಬಂದಾಗ ಎಲ್ಲಿಗೆ ಬರುತ್ತದೆ? ನಿಮ್ಮ ಮುಖಕ್ಕೆ. ನಾನು ಮೊದಲ ಸಲ ನಟ್ ಪೂರ್ತಿ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಎರಡು ಮೊಣಕಾಲು ವೀಲಿನ ಕೆಳಗೆ ಕೊಟ್ಟು ಎಳೆದೆ. ವೀಲ್ ಬಂದು ಮೇಲ್ದುಟಿಗೆ ಬಡಿಯಿತು. ಮನೆಯವಳು ಅರಿಶಿನ ತಂದಳು. ಅಪ್ಪಯ್ಯ ಜಗಲಿಯಲ್ಲಿ ಕೂತು, ‘ಬಂತಾ?’ ಅಂದರು. ನಟ್ ತುದಿಯಲ್ಲಿ ಉಳಿದಿದ್ದರೆ ವೀಲ್ ಬೆರಳಗಲ ಬಂದು ಅದಕ್ಕೆ ತಾಗಿ ನಿಲ್ಲುತ್ತದೆ. ಆಮೇಲೆ ನೆಮ್ಮದಿಯಾಗಿ ನಟ್ ತೆಗೆಯಬಹುದು.

ಹತ್ತು ನಿಮಿಷ ಅಲುಗಿಸಿದರೂ ಬರದಿದ್ದರೆ ಪುಲ್ಲರ್. ವೀಲಿನ ನಡುವೆ ಥ್ರೆಡ್ ಇರುವ ಎರಡು ತೂತು ಇದ್ದರೆ ಪುಲ್ಲರಿನ ಬೋಲ್ಟ್ ಅಲ್ಲಿಗೆ. ಇಲ್ಲದಿದ್ದರೆ ಕೊಕ್ಕೆ ಪುಲ್ಲರನ್ನು ನಡುವಿನ ಕಬ್ಬಿಣದ ಭಾಗಕ್ಕೆ ಸಿಕ್ಕಿಸಬೇಕು. ಅಂಚಿಗೆ, ಕಡ್ಡಿಗೆ ಸಿಕ್ಕಿಸಿದರೆ ಬಾಗುತ್ತದೆ.

ಹೊಸದನ್ನು ಕೂರಿಸುವಾಗ ಏನು ಗಮನಿಸಬೇಕು?

ಶಾಫ್ಟಿನ ಹಲ್ಲನ್ನು ವಯರ್ ಬ್ರಷ್‌ನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಹಲ್ಲಿಗೆ ಗ್ರೀಸ್ ಮೆತ್ತಬೇಡಿ. ಹಾರ್ನಿನ ಹಿತ್ತಾಳೆ ರಿಂಗಿಗೆ ಉಗುರಿನ ತುದಿಯಷ್ಟು ಹಚ್ಚಿದರೆ ಸಾಕು. ಇಂಡಿಕೇಟರ್ ಕಡ್ಡಿ ನಡುವಿನಲ್ಲಿರಲಿ, ಎಡಕ್ಕೂ ಬೇಡ, ಬಲಕ್ಕೂ ಬೇಡ. ಹಳೇ ವೀಲಿನ ಗುರುತು ಹೊಸದರ ಮೇಲೆ ಎಲ್ಲಿ ಬರಬೇಕು ಅಂತ ಎರಡನ್ನೂ ಪಕ್ಕ ಪಕ್ಕ ಇಟ್ಟು ಗೆರೆ ಎಳೆಯಿರಿ.

ವೀಲನ್ನು ಮೆಲ್ಲಗೆ ಕೂರಿಸಿ. ಹಲ್ಲು ಹಲ್ಲಿಗೆ ಸಿಕ್ಕಿದಾಗ ಕೈಗೆ ಗೊತ್ತಾಗುತ್ತದೆ. ಓರೆ ಸಿಕ್ಕಿದ್ದನ್ನು ನಟ್ ಬಿಗಿದು ಎಳೆಯಲು ಹೋಗಬೇಡಿ, ಹಲ್ಲು ಕೆತ್ತಿಹೋಗುತ್ತದೆ. ವಾಷರ್ ಮರೆಯಬೇಡಿ. ನಟ್ ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಪಾನಾ. ಸೆಲ್ಫ್ ಲಾಕಿಂಗ್ ಜಾತಿಯ ನಟ್ ಆದರೆ ಹೊಸದೇ ಹಾಕಿ.

ಎಷ್ಟು ಬಿಗಿ? ಮಾರುತಿ 800, ಓಮ್ನಿ ಥರದ ಸಣ್ಣ ಕಾರಿಗೆ ಸುಮಾರು 33 ನ್ಯೂಟನ್ ಮೀಟರ್. ಬೇರೆ ಕಾರಾದರೆ ಅದರ ಸರ್ವಿಸ್ ಪುಸ್ತಕದ ಲೆಕ್ಕವೇ ಲೆಕ್ಕ. ಟಾರ್ಕ್ ಪಾನಾ ಇಲ್ಲದವರಿಗೆ ಅಂದಾಜು ಹೇಳುತ್ತೇನೆ. ಒಂದಡಿ ಉದ್ದದ ಪಾನಾದ ತುದಿಗೆ 11 ಕೆಜಿ ಜೋತುಬಿದ್ದರೆ 33 ಆಗುತ್ತದೆ. ಎರಡು ಬಿಂದಿಗೆ ನೀರಿನಷ್ಟೂ ಅಲ್ಲ. ಮೈಭಾರ ಪೂರ್ತಿ ಹಾಕುವವರು ಥ್ರೆಡ್ ಕೆಡಿಸುತ್ತಾರೆ, ಬೆರಳ ತುದಿಯಲ್ಲಿ ಬಿಗಿಯುವವರು ನಟ್ ಸಡಿಲ ಬಿಡುತ್ತಾರೆ.

ಹಾರ್ನ್ ಬರ್ತಿಲ್ಲ. ಅಥವಾ ನಿಲ್ತಾನೇ ಇಲ್ಲ.

ಹೆಚ್ಚಿನ ಹಳೇ ಕಾರಿನಲ್ಲಿ ಹಾರ್ನ್ ಗುಂಡಿ ಮಾಡುವ ಕೆಲಸ ಒಂದೇ: ಒಂದು ವಯರನ್ನು ಬಾಡಿಗೆ, ಅಂದರೆ ಅರ್ತಿಗೆ ತಾಗಿಸುವುದು. ಬ್ಯಾಟರಿ ಜೋಡಿಸಿ, ಪ್ಯಾಡ್ ತೆಗೆದು, ಆ ವಯರಿನ ತುದಿಯನ್ನು ನಟ್ಟಿಗೆ ಮುಟ್ಟಿಸಿ. ಪೀಂ ಅಂದರೆ ವಯರಿಂಗ್ ಸರಿ ಇದೆ, ತಪ್ಪು ಪ್ಯಾಡಿನ ಸ್ಪ್ರಿಂಗಿನಲ್ಲಿ. ಏನೂ ಬರದಿದ್ದರೆ ವೀಲ್ ಹಿಂದಿನ ಕಾಂಟ್ಯಾಕ್ಟ್ ರಿಂಗಿಗೆ ತಾಗುತ್ತಿಲ್ಲ, ಅಥವಾ ಫ್ಯೂಸ್ ಹೋಗಿದೆ. ನಿಲ್ಲದೆ ಕೂಗುತ್ತಿದ್ದರೆ ವಯರ್ ಎಲ್ಲೋ ಪ್ಯಾಡ್ ಕೆಳಗೆ ಸಿಕ್ಕಿ ಜಜ್ಜಿಹೋಗಿದೆ.

ಇಂಡಿಕೇಟರ್ ತಾನಾಗೇ ಆಫ್ ಆಗ್ತಿಲ್ಲ.

ವೀಲಿನ ಹಿಂಬದಿಯ ಮೂಗು ಸ್ವಿಚ್ಚಿನ ತೂತಿಗೆ ಕೂತಿಲ್ಲ. ಮತ್ತೆ ಬಿಚ್ಚಬೇಕು. ಬೇಜಾರು, ಆದರೆ ಬೇರೆ ದಾರಿ ಇಲ್ಲ.

ಎಲ್ಲ ಸರಿ ಹಾಕಿದೆ, ರಸ್ತೆಯಲ್ಲಿ ನೇರ ಹೋಗುವಾಗ ವೀಲ್ ವಾರೆ ಇದೆ.

ಇದು ನನಗೆ ಅತಿ ಹೆಚ್ಚು ಬಂದ ಫೋನು. ಭಾವನ ಓಮ್ನಿಗೆ ತೀರ್ಥಹಳ್ಳಿಯಲ್ಲಿ ವೀಲ್ ಹಾಕಿದೆವು. ಸಂಜೆ ಆಗಿತ್ತು, ಬೆಳಕು ಕಮ್ಮಿ. ‘ಕೂತಿತು ಬಿಡೋ’ ಅಂದರು ಭಾವ. ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ಬರುವ ತನಕ ಇಬ್ಬರೂ ಏನೂ ಮಾತಾಡಲಿಲ್ಲ. ಗಾಡಿ ನೇರ ಹೋಗುತ್ತಿದೆ, ವೀಲ್ ಮಾತ್ರ ಬಲಕ್ಕೆ ತಲೆ ವಾಲಿಸಿಕೊಂಡಿದೆ. ಕೊನೆಗೆ ಭಾವನೇ, ‘ರಸ್ತೆ ವಾರೆ ಇದೆಯಾ ಹೇಗೆ?’ ಅಂದರು.

ಒಂದು ಹಲ್ಲು ತಪ್ಪಿದರೆ ಹೀಗಾಗುತ್ತದೆ. ಸುತ್ತಲೂ 36 ಹಲ್ಲಿದ್ದರೆ ಒಂದು ಹಲ್ಲಿಗೆ 10 ಡಿಗ್ರಿ. ಬಿಚ್ಚಿ ಒಂದು ಹಲ್ಲು ಎಡಕ್ಕೆ ಕೂರಿಸಿದೆವು, ಸರಿ ಹೋಯಿತು. ಒಂದು ಹಲ್ಲು ಆ ಕಡೆ ಹಾಕಿದರೆ ಎಡಕ್ಕೆ ವಾರೆ, ಈ ಕಡೆ ಹಾಕಿದರೆ ಬಲಕ್ಕೆ ವಾರೆ ಅಂತಾದರೆ, ಅರ್ಧ ಹಲ್ಲಿನ ವ್ಯತ್ಯಾಸ ಟೈ ರಾಡಿನಲ್ಲಿದೆ. ಅದನ್ನು ಅಲೈನ್‌ಮೆಂಟ್ ಅಂಗಡಿಯಲ್ಲಿ ಎರಡೂ ಕಡೆ ಸಮ ಸಮ ತಿರುಗಿಸಿ ಸರಿ ಮಾಡಬೇಕು. ಮನೆಯಲ್ಲಿ ಒಂದೇ ಕಡೆ ತಿರುಗಿಸಿದರೆ ಟೈರ್ ತಿನ್ನುತ್ತದೆ.

ಅಜ್ಜನ ಕಾಲದ ಅಂಬಾಸಿಡರ್ ಇದೆ. ವೀಲ್ ಅಂಟಿಲ್ಲ, ಆದರೆ ಬಿರುಕು ಬಿಟ್ಟಿದೆ.

ಅದನ್ನು ಬದಲಿಸಬೇಡಿ, ರಿಪೇರಿ ಮಾಡಿ. ಅಂಬಾಸಿಡರ್ 1958ರಿಂದ 2014ರ ತನಕ ಬಂತು, ಆದರೆ ಹಳೇ ಕಾಲದ ತೆಳು ಅಂಚಿನ ಗಟ್ಟಿ ವೀಲ್ ಈಗ ಹುಡುಕಿದರೂ ಸಿಗುವುದು ಕಷ್ಟ. ಬಿರುಕನ್ನು ಸಣ್ಣ ಅರದಲ್ಲಿ ‘ವಿ’ ಆಕಾರಕ್ಕೆ ಅಗಲ ಮಾಡಿ. ಒಳಗಿನ ಕಬ್ಬಿಣದ ಸರಳು ಕಾಣುತ್ತದೆ. ತುಕ್ಕಿದ್ದರೆ ಕೆರೆದು ತೆಗೆಯಿರಿ. ಎರಡು ಟ್ಯೂಬ್ ಬೆರೆಸುವ ಗಟ್ಟಿ ಎಪಾಕ್ಸಿ ತುಂಬಿ ಒಂದು ದಿನ ಪೂರ್ತಿ ಬಿಡಿ, ಮಳೆಗಾಲ ಆದರೆ ಎರಡು ದಿನ. ಆಮೇಲೆ ಉಪ್ಪು ಕಾಗದ: ಮೊದಲು 120, ಆಮೇಲೆ 240, ಕೊನೆಗೆ ನೀರು ಹಚ್ಚಿ 400. ಪ್ರೈಮರ್, ಬಣ್ಣ. ಸರಳೇ ತುಂಡಾಗಿದ್ದರೆ ಮಾತ್ರ ಅದು ಗೋಡೆಗೆ ನೇತುಹಾಕುವ ವೀಲು.

ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ತೊಂದರೆ ಕೊಡ್ತಾರಾ?

ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ, ಆಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕಲ್ಲ. ಅದೇ ಮಾಡೆಲಿನ ವೀಲ್, ಕೆಲಸ ಮಾಡುವ ಹಾರ್ನ್, ಕಮ್ಮಿ ಆಟ, ಇಷ್ಟಿದ್ದರೆ ಯಾರೂ ಏನೂ ಕೇಳುವುದಿಲ್ಲ. ಚಿಕ್ಕ ಸ್ಪೋರ್ಟ್ಸ್ ವೀಲ್ ಹಾಕಿದವರು ಒರಿಜಿನಲ್ ವೀಲನ್ನು ಅಟ್ಟದ ಮೇಲೆ ಇಟ್ಟುಕೊಂಡಿರಿ.

ಮುಗಿದ ಮೇಲೆ ಸೀದಾ ಓಡಿಸಬಹುದಾ?

ಅಂಗಳದಲ್ಲೇ ಮೊದಲು. ವೀಲನ್ನು ನಿಮ್ಮ ಕಡೆಗೆ ಗಟ್ಟಿಯಾಗಿ ಎಳೆಯಿರಿ, ತಳ್ಳಿ, ಮೇಲೆ ಕೆಳಗೆ ಅಲುಗಿಸಿ. ಏನೂ ಅಲುಗಬಾರದು. ಎಂಜಿನ್ ಹಾಕಿ ನಡುವಿನಿಂದ ಎಡಕ್ಕೆ ಎಷ್ಟು ಸುತ್ತು, ಬಲಕ್ಕೆ ಎಷ್ಟು ಸುತ್ತು ಎಣಿಸಿ; ಎರಡೂ ಸಮ ಇರಬೇಕು. ಕಾಲಂ ಕವರಿಗೆ ಉಜ್ಜುವ ಸದ್ದು ಬರಬಾರದು. ಆಮೇಲೆ ಊರೊಳಗೆ ನಿಧಾನಕ್ಕೆ ಒಂದು ಸುತ್ತು. 100 ಕಿಲೋಮೀಟರ್ ಆದ ಮೇಲೆ ಪ್ಯಾಡ್ ತೆಗೆದು ನಟ್ಟಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಅದಕ್ಕೆ ಮೊದಲು ಆಗುಂಬೆಗಾಗಲಿ ಹುಲಿಕಲ್‌ಗಾಗಲಿ ಇಳಿಯಬೇಡಿ.

ಎಷ್ಟು ಹೊತ್ತು ಹಿಡಿಯುತ್ತೆ?

ಗ್ಯಾರೇಜಿನವರಿಗೆ ಇಪ್ಪತ್ತು ನಿಮಿಷ. ನಮಗೆ ಬೆಳಗ್ಗೆ ತಿಂಡಿಯಿಂದ ಮಧ್ಯಾಹ್ನದ ಊಟದ ತನಕ, ಕಾಫಿ ಸೇರಿ.

ಹಳೇ ವೀಲ್ ಏನು ಮಾಡೋದು?

ಗುಜರಿಗೆ ಹಾಕುವ ಮೊದಲು ಹಾರ್ನಿನ ಸ್ಪ್ರಿಂಗ್, ಕಾಂಟ್ಯಾಕ್ಟ್, ಪ್ಯಾಡಿನ ಸ್ಕ್ರೂ ಬಿಚ್ಚಿ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಆ ಸಣ್ಣ ಸಾಮಾನು ಬಿಡಿಯಾಗಿ ಸಿಗುವುದಿಲ್ಲ. ನನ್ನ ಹಳೇ ವೀಲನ್ನು ಅಪ್ಪಯ್ಯ ಎಸೆಯಲು ಬಿಡಲಿಲ್ಲ. ಅಡಿಕೆ ಚಪ್ಪರದ ಕಂಬಕ್ಕೆ ಒಂದು ಮೊಳೆ ಹೊಡೆದು ಸಿಕ್ಕಿಸಿದ್ದಾರೆ. ಸುಲಿಯುವ ಕಾಲದಲ್ಲಿ ಚೊಗರಿನ ಕೈ ಒರೆಸುವ ಬಟ್ಟೆ ಈಗ ಅದರ ಮೇಲೆ ನೇತಾಡುತ್ತದೆ.